ಸರ್ಕಾರಿ ಸೇವೆಯಲ್ಲೊಬ್ಬ ವಾಸ್ತುಶಿಲ್ಪಿ: ಹಬೀಬ್ ರಹಮಾನ್

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಾಸ್ತುಶಿಲ್ಪವನ್ನು ಕುರಿತು ಮಾತನಾಡಲು ನನಗಿರುವ ಅಧಿಕಾರ ಬಹಳ ಕಡಿಮೆ. ಮಾನಸಗಂಗೋತ್ರಿಯಲ್ಲಿ ಇತಿಹಾಸ ಓದಿ 1993ರಲ್ಲಿ ಈ ದೆಹಲಿಗೆ ಬಂದವನು ನಾನು. ಅಂದಿನಿಂದ ಕಡತಗಳ ನಡುವೆಯೇ ಬದುಕು ಸವೆಸಿದ್ದೇನೆ. ಆದರೆ ಒಂದು ಅರ್ಹತೆಯನ್ನು ಮಾತ್ರ ವಿನಯದಿಂದ ಹೇಳಿಕೊಳ್ಳಬಲ್ಲೆ. ಸರ್ಕಾರ ಕಟ್ಟಿಸಿದ ಮನೆಯಲ್ಲಿ ಮಲಗಿ, ಸರ್ಕಾರ ಕಟ್ಟಿಸಿದ ಕಚೇರಿಯಲ್ಲಿ ಕುಳಿತು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದವನು ನಾನು. ಕಟ್ಟಡವನ್ನು ರಚಿಸಿದವನಿಗೆ ಗೊತ್ತಾಗದ ಕೆಲವು ಸಂಗತಿಗಳು ಅದರಲ್ಲಿ ಬೆವರು ಸುರಿಸಿದವನಿಗೆ ಗೊತ್ತಾಗುತ್ತವೆ. ಆ ನೆಲೆಯಿಂದಲೇ ಇಂದು ಹಬೀಬ್ ರಹಮಾನ್ ಎಂಬ ವಾಸ್ತುಶಿಲ್ಪಿಯ ವಿಚಾರವಾಗಿ ಕೆಲವು ಮಾತುಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಈ ಹೆಸರನ್ನು ನೀವು ಕೇಳಿಲ್ಲದೆ ಇರಬಹುದು. ಆದರೆ ಅವರ ಕಟ್ಟಡದೊಳಗೆ ನೀವೆಲ್ಲರೂ ಕಾಲಿಟ್ಟಿದ್ದೀರಿ. ಮಂಡಿ ಹೌಸಿನ ಬಳಿ ಇರುವ ರವೀಂದ್ರ ಭವನ ಅವರ ರಚನೆ. ಸಾಹಿತ್ಯ ಅಕಾಡೆಮಿ, ಸಂಗೀತ ನಾಟಕ ಅಕಾಡೆಮಿ, ಲಲಿತ ಕಲಾ ಅಕಾಡೆಮಿ, ಈ ಮೂರೂ ಇರುವುದು ಅಲ್ಲಿಯೇ. ದೆಹಲಿಯ ಕನ್ನಡಿಗರಿಗೆ ಅದು ತವರಿನ ಒಂದು ಕೋಣೆಯಿದ್ದಂತೆ. ವಿ.ಕೃ. ಗೋಕಾಕರು, ಯು.ಆರ್. ಅನಂತಮೂರ್ತಿಯವರು (1993-98), ಚಂದ್ರಶೇಖರ ಕಂಬಾರರು (2018-23) ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. ಗಿರೀಶ ಕಾರ್ನಾಡರು 1988ರಿಂದ 1993ರವರೆಗೆ ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ನಮ್ಮ ಭಾಷೆಯ ಇಷ್ಟು ಮಂದಿ ಹಿರಿಯರು ಹತ್ತಿಳಿದ ಮೆಟ್ಟಿಲುಗಳನ್ನು ರೂಪಿಸಿದವರು ಯಾರೆಂದು ನಾವು ಎಂದೂ ಕೇಳಲಿಲ್ಲ. ನಾನೂ ಹದಿನೈದು ವರ್ಷ ಕೇಳಿರಲಿಲ್ಲ. ಆಮೇಲೆ ಕೇಳುವಂತಾದದ್ದು ನನ್ನದೇ ಒಂದು ತಪ್ಪಿನಿಂದ. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ರಹಮಾನರು ಹುಟ್ಟಿದ್ದು 1915ರಲ್ಲಿ, ಕಲ್ಕತ್ತೆಯಲ್ಲಿ. ಮೊದಲು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಹೋದಾಗ ದಾರಿ ಬದಲಿಸಿ ವಾಸ್ತುಶಿಲ್ಪವನ್ನು ಅಭ್ಯಾಸ ಮಾಡಿದರು. ಅನಂತರ ವಾಲ್ಟರ್ ಗ್ರೋಪಿಯಸ್ ಅವರ ಕಚೇರಿಯಲ್ಲಿ ಕೆಲಸ ಮಾಡಿದರು. ಗ್ರೋಪಿಯಸ್ ಎಂದರೆ 1919ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ಬೌಹೌಸ್ ಶಾಲೆಯನ್ನು ಸ್ಥಾಪಿಸಿದವರು. ಕಟ್ಟಡದ ರೂಪ ಅದರ ಉಪಯೋಗದಿಂದಲೇ ಹುಟ್ಟಬೇಕು, ಅಲಂಕಾರವನ್ನು ಹೊರಗಿನಿಂದ ಅಂಟಿಸಬಾರದು, ಕಾರ್ಖಾನೆಯ ಯುಗದ ಸಾಮಗ್ರಿಗಳಿಂದ ಸಾಮಾನ್ಯ ಮನುಷ್ಯನಿಗೂ ಒಳ್ಳೆಯ ಮನೆ ಸಿಗಬೇಕು ಎಂಬುದು ಆ ಶಾಲೆಯ ತತ್ತ್ವ. ನಾಜಿಗಳ ಕಾಲದಲ್ಲಿ ಆ ಶಾಲೆ ಮುಚ್ಚಿಹೋಯಿತು. ಅದರ ಗುರುಗಳು ದೇಶಾಂತರ ಹೋದರು. ಅವರಲ್ಲೊಬ್ಬರ ಬಳಿ ಕಲಿತ ಬಂಗಾಳದ ಯುವಕ 1946ರಲ್ಲಿ ಭಾರತಕ್ಕೆ ಮರಳಿದ.

ಆಗಿನ ಪರಿಸ್ಥಿತಿಯನ್ನು ಸ್ವಲ್ಪ ನೆನೆಯೋಣ. ದೇಶ ಒಡೆದು ಲಕ್ಷಾಂತರ ಜನ ನಿರಾಶ್ರಿತರಾಗಿದ್ದರು. ಸಿಮೆಂಟು, ಉಕ್ಕುಗಳಿಗೆ ಕಂಟ್ರೋಲು. ಹೊಸ ಸರ್ಕಾರಕ್ಕೆ ಸಾವಿರಾರು ನೌಕರರು ಬೇಕು, ಅವರಿಗೆ ಕಚೇರಿ ಬೇಕು, ಮನೆ ಬೇಕು. ಹಣ ಮಾತ್ರ ಇಲ್ಲ. ಇಂಥ ಹೊತ್ತಿನಲ್ಲಿ ವಿದೇಶದಲ್ಲಿ ಕಲಿತು ಬಂದವರೊಬ್ಬರು ಶ್ರೀಮಂತರ ಬಂಗಲೆಗಳನ್ನು ಕಟ್ಟುತ್ತ ಸುಖವಾಗಿರಬಹುದಿತ್ತು. ರಹಮಾನರು ಪಶ್ಚಿಮ ಬಂಗಾಳ ಸರ್ಕಾರದ ನೌಕರಿಗೆ ಸೇರಿದರು.

ಅವರ ಮೊದಲ ಹೆಸರಾದ ಕೃತಿ ಬ್ಯಾರಕ್‌ಪುರದ ಗಾಂಧಿ ಘಾಟ್. ಗಂಗೆಯ ದಡದಲ್ಲಿ ನಿಂತ ಆ ಸ್ಮಾರಕವನ್ನು 1949ರಲ್ಲಿ ಜವಾಹರಲಾಲ ನೆಹರೂ ಉದ್ಘಾಟಿಸಿದರು. ದೇವಾಲಯದ ಶಿಖರ, ಇಸ್ಲಾಮೀ ಗುಮ್ಮಟ, ಕ್ರೈಸ್ತರ ಶಿಲುಬೆ ಈ ಮೂರರ ಛಾಯೆಯನ್ನೂ ಕಾಂಕ್ರೀಟಿನ ಸರಳ ರೇಖೆಗಳಲ್ಲಿ ಅವರು ಸೇರಿಸಿದ್ದರು. ಯಾವುದನ್ನೂ ನಕಲು ಮಾಡಿರಲಿಲ್ಲ. ನೆಹರೂ ಅವರಿಗೆ ಅದು ಮೆಚ್ಚುಗೆಯಾಯಿತು. 1953ರಲ್ಲಿ ರಹಮಾನರು ದೆಹಲಿಗೆ ಬಂದು ಕೇಂದ್ರ ಲೋಕೋಪಯೋಗಿ ಇಲಾಖೆಯಲ್ಲಿ ಹಿರಿಯ ವಾಸ್ತುಶಿಲ್ಪಿಯಾದರು. ಮುಂದೆ ಮುಖ್ಯ ವಾಸ್ತುಶಿಲ್ಪಿಯಾಗಿ 1974ರಲ್ಲಿ ನಿವೃತ್ತರಾದರು. ಅಂದರೆ ಎರಡು ದಶಕ ಕಾಲ ಅವರೂ ನಮ್ಮ ನಿಮ್ಮಂತೆ ಹಾಜರಿ ಹಾಕಿ, ಟಿಪ್ಪಣಿ ಬರೆದು, ಆಕ್ಷೇಪಣೆಗಳಿಗೆ ಉತ್ತರ ಕೊಟ್ಟು ಬಾಳಿದವರು. ಪತ್ನಿ ಇಂದ್ರಾಣಿ ರಹಮಾನ್ ದೇಶವಿದೇಶಗಳಲ್ಲಿ ಹೆಸರಾಂತ ನರ್ತಕಿ. ಒಡಿಸ್ಸಿ ನೃತ್ಯವನ್ನು ಹೊರದೇಶದ ವೇದಿಕೆಗಳಿಗೆ ಕೊಂಡೊಯ್ದವರಲ್ಲಿ ಮೊದಲಿಗರು. ಆ ಮನೆಯಲ್ಲಿ ಪ್ರಸಿದ್ಧಿ ಪತ್ನಿಯದು, ಸಂಬಳದ ನೌಕರಿ ಪತಿಯದು.

ಇಲ್ಲಿ ಆ ಕಾಲದ ಒಂದು ವಾದವನ್ನು ಪ್ರಸ್ತಾಪಿಸಬೇಕು. ಸ್ವತಂತ್ರ ಭಾರತದ ಸರ್ಕಾರಿ ಕಟ್ಟಡ ಹೇಗಿರಬೇಕು? ಈ ಪ್ರಶ್ನೆಗೆ ನಮ್ಮ ಕನ್ನಡ ನಾಡು ಕೊಟ್ಟ ಉತ್ತರ ನಿಮಗೆಲ್ಲ ತಿಳಿದಿದೆ. 1951ರಲ್ಲಿ ನೆಹರೂ ಅವರೇ ಶಂಕುಸ್ಥಾಪನೆ ಮಾಡಿದ, ಕೆಂಗಲ್ ಹನುಮಂತಯ್ಯನವರ ಛಲದಿಂದ ಮೇಲೆದ್ದು 1956ರಲ್ಲಿ ಪೂರ್ಣಗೊಂಡ ವಿಧಾನಸೌಧ. ಪ್ರಜೆಗಳ ಸರ್ಕಾರವೂ ಅರಮನೆಯಷ್ಟೇ ಭವ್ಯವಾಗಿರಬೇಕು, ಅದರ ಕಲ್ಲುಕಂಬಗಳು ನಮ್ಮ ದೇವಾಲಯಗಳ ಪರಂಪರೆಯನ್ನು ಸಾರಬೇಕು ಎಂಬುದು ಅದರ ಹಿಂದಿದ್ದ ಆಶಯ. ಅದನ್ನು ಕಂಡು ಹೆಮ್ಮೆಪಡದ ಕನ್ನಡಿಗನಿಲ್ಲ, ನಾನೂ ಪಡುತ್ತೇನೆ. ಅದೇ ವರ್ಷಗಳಲ್ಲಿ ರಹಮಾನರು ದೆಹಲಿಯಲ್ಲಿ ಕೊಟ್ಟ ಉತ್ತರವೇ ಬೇರೆ. ಡಾಕ್ ತಾರ್ ಭವನ, ವಿಶ್ವವಿದ್ಯಾಲಯ ಅನುದಾನ ಆಯೋಗದ ಕಟ್ಟಡ ಇವುಗಳಲ್ಲಿ ಕಮಾನಿಲ್ಲ, ಛತ್ರಿಯಿಲ್ಲ, ಗೋಪುರವಿಲ್ಲ. ಕಾಂಕ್ರೀಟಿನ ಚೌಕಟ್ಟು, ಇಟ್ಟಿಗೆಯ ಗೋಡೆ, ಬಿಸಿಲನ್ನು ತಡೆಯುವ ಸಜ್ಜಾ, ಸಾಲು ಕಿಟಕಿ. ಬಡ ದೇಶದ ಸರ್ಕಾರ ತನ್ನ ಬಡತನವನ್ನು ಮುಚ್ಚಿಡಬೇಕಾಗಿಲ್ಲ, ಅಚ್ಚುಕಟ್ಟಾಗಿದ್ದರೆ ಸಾಕು ಎಂಬುದು ಅವರ ನಿಲುವಾಗಿತ್ತೆಂದು ನಾನು ತಿಳಿಯುತ್ತೇನೆ.

ಈ ಎರಡು ಉತ್ತರಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದು ತೀರ್ಪು ಕೊಡಲು ನಾನು ಬಂದಿಲ್ಲ. ಒಂದು ಮಾತನ್ನಂತೂ ಒಪ್ಪಿಕೊಳ್ಳಬೇಕು. ರಹಮಾನರ ಆರಂಭದ ಕಚೇರಿ ಕಟ್ಟಡಗಳು ಹಲವರಿಗೆ ಬೆಂಕಿಪೊಟ್ಟಣಗಳಂತೆ ಕಂಡವು. ಹಾಗೆ ಕಂಡದ್ದರಲ್ಲಿ ಅನ್ಯಾಯವೇನೂ ಇಲ್ಲ. ಗ್ರೋಪಿಯಸ್‌ರ ಪಾಠವನ್ನು ಅವರು ಆಗ ಸ್ವಲ್ಪ ಹೆಚ್ಚೇ ನಿಷ್ಠೆಯಿಂದ ಪಾಲಿಸುತ್ತಿದ್ದರು. ಅವರನ್ನು ಆ ನಿಷ್ಠೆಯಿಂದ ಬಿಡಿಸಿದ್ದು ರವೀಂದ್ರ ಭವನ.

ಗುರುದೇವ ಟಾಗೋರರ ಜನ್ಮಶತಾಬ್ದಿ 1961ರಲ್ಲಿ ಬಂತು. ಆ ನೆನಪಿಗೆ ಮೂರು ಅಕಾಡೆಮಿಗಳಿಗೂ ಸೇರಿ ಒಂದು ಭವನವೆಂದು ತೀರ್ಮಾನವಾಯಿತು. ರಹಮಾನರು ತಮ್ಮ ಅಭ್ಯಾಸದಂತೆ ನೇರ ಗೆರೆಯ ಒಂದು ನಕ್ಷೆ ಮಾಡಿದರು. ಅದನ್ನು ಕಂಡ ನೆಹರೂ ಒಪ್ಪಲಿಲ್ಲ. ಇದಕ್ಕೂ ಟಾಗೋರರಿಗೂ ಏನು ಸಂಬಂಧ ಎಂಬುದು ಪ್ರಧಾನಿಯ ಆಕ್ಷೇಪಣೆಯ ಸಾರ. ಈ ಪ್ರಸಂಗವನ್ನು ರಹಮಾನರು ತಾವೇ ಹೇಳಿಕೊಂಡಿದ್ದಾರೆ. ಮೇಲಿನವರು ಕಡತ ಹಿಂದಿರುಗಿಸಿದಾಗ ನಾವೇನು ಮಾಡುತ್ತೇವೆ? ಮೂರು ಶಬ್ದ ಬದಲಿಸಿ ಅದನ್ನೇ ಮತ್ತೆ ಸಲ್ಲಿಸುತ್ತೇವೆ. ರಹಮಾನರು ನಕ್ಷೆಯನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಆರಂಭಿಸಿದರು.

ಈಗಿರುವ ಕಟ್ಟಡವನ್ನು ಮುಂದಿನ ಸಲ ಹೋದಾಗ ಐದು ನಿಮಿಷ ನಿಂತು ನೋಡಿ. ಅಕಾಡೆಮಿಗಳ ಕಚೇರಿಗಳಿಗೆ ಮೂರು ರೆಕ್ಕೆಗಳು, ಅವು ಕೂಡುವಲ್ಲಿ ನಡುವಣ ಅಂಗಳ. ಮೂರು ಸಂಸ್ಥೆಗಳಿಗೂ ಬೇರೆ ಬೇರೆ ಮನೆ, ಆದರೆ ಒಂದೇ ಹೊಸ್ತಿಲು. ಪ್ರದರ್ಶನ ಗ್ಯಾಲರಿ ಪ್ರತ್ಯೇಕವಾಗಿ ನಿಂತಿದೆ. ಮುಂಚಾಚಿದ ಸೂರು, ಒರಟು ಕಲ್ಲಿನ ಗೋಡೆ, ಕಿಟಕಿಗಳಿಗೆ ಜಾಲಿ. ಜಾಲಿ ಎಂದರೆ ನಮ್ಮ ಜಾಲಂಧ್ರ. ನಾನು ಹಾಸನ ಜಿಲ್ಲೆಯವನು. ಬೇಲೂರಿನ ಚೆನ್ನಕೇಶವ ದೇವಾಲಯದ ಜಾಲಂಧ್ರಗಳ ಬಳಿ ನಿಂತವರಿಗೆ ಗೊತ್ತು: ಹೊರಗಿನ ಉರಿಬಿಸಿಲು ಅವುಗಳ ಮೂಲಕ ಒಳಬರುವಾಗ ತಂಪಾದ ಬೆಳಕಾಗುತ್ತದೆ. ಬೇಲೂರಿನ ಶಿಲ್ಪಿಗೆ ತಿಳಿದಿದ್ದ ಈ ಉಪಾಯವನ್ನು ರಹಮಾನರು ಅಲಂಕಾರಕ್ಕಾಗಿ ತರಲಿಲ್ಲ; ಮೇ ತಿಂಗಳ ದೆಹಲಿಗೆ ಅದು ಬೇಕಾಗಿತ್ತು, ಆದುದರಿಂದ ತಂದರು. ರೂಪ ಉಪಯೋಗದಿಂದ ಹುಟ್ಟಬೇಕೆಂಬ ಬೌಹೌಸ್ ಪಾಠವನ್ನು ಅವರು ಬಿಟ್ಟುಕೊಡಲಿಲ್ಲ. ಉಪಯೋಗವೆಂಬ ಮಾತಿನಲ್ಲಿ ನಮ್ಮ ಬಿಸಿಲು, ನಮ್ಮ ಗಾಳಿ, ನಮ್ಮ ನೆನಪು ಇವೂ ಸೇರುತ್ತವೆಂದು ಕಂಡುಕೊಂಡರು. ನಕಲು ಮಾಡದೆ ಪರಂಪರೆಯನ್ನು ಉಳಿಸಿಕೊಳ್ಳುವ ದಾರಿ ಇದು. ನಮ್ಮ ನವ್ಯ ಸಾಹಿತಿಗಳೂ ಅದೇ ದಶಕದಲ್ಲಿ ಇದೇ ಸಮಸ್ಯೆಯೊಡನೆ ಹೆಣಗುತ್ತಿದ್ದರೆಂಬುದು ಇಲ್ಲಿ ನೆನಪಾಗುತ್ತದೆ.

ಈ ದಾರಿಯಲ್ಲಿ ಅವರು ಮಾಡಿದ ಇನ್ನೆರಡು ಕೃತಿಗಳನ್ನು ಹೇಳಬೇಕು. ಜಾಮಾ ಮಸೀದಿಯ ಬಳಿ ಮೌಲಾನಾ ಆಜಾದರ ಸಮಾಧಿಯಿದೆ. ಅವರು ತೀರಿಕೊಂಡದ್ದು 1958ರಲ್ಲಿ. ಎದುರಿಗೆ ಷಾಜಹಾನನ ಮಸೀದಿ ಇರುವಾಗ ಅಲ್ಲಿ ಯಾವ ಕಟ್ಟಡ ಕಟ್ಟಿದರೂ ಸಣ್ಣದಾಗಿ ಕಾಣುತ್ತದೆ. ರಹಮಾನರು ಕಟ್ಟಡವನ್ನೇ ಕಟ್ಟಲಿಲ್ಲ. ಮಸೀದಿಯ ಕಮಾನನ್ನು ನೆನಪಿಸುವ ತೆಳುವಾದ ಒಂದು ಬಿಳಿಯ ಚಪ್ಪರ, ಕೆಳಗೆ ಗೋರಿ. ಜಾಮಿಯಾ ಮಿಲಿಯಾ ಆವರಣದಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರ ಸಮಾಧಿಯಲ್ಲಿ ತುಘಲಕರ ಕಾಲದ ಓರೆ ಗೋಡೆಗಳ ಗಾಂಭೀರ್ಯವಿದೆ, ಜಾಲಿಯ ನೆರಳಿದೆ. ದೊಡ್ಡವರ ಸಮಾಧಿಗಳು ಎಕರೆಗಟ್ಟಲೆ ಹಬ್ಬುವ ಈ ನಗರದಲ್ಲಿ ಇವೆರಡರ ಮಿತಭಾಷೆ ನನಗೆ ಬಹಳ ಹಿಡಿಸುತ್ತದೆ.

ಈಗ ನನ್ನ ತಪ್ಪಿನ ಕಥೆ. 2007ರಲ್ಲಿ ನಾನೊಂದು ಕಚೇರಿಯಲ್ಲಿ ಆಡಳಿತ ವಿಭಾಗದ ಹೊಣೆ ಹೊತ್ತಿದ್ದೆ. ಕಚೇರಿಯ ಹೆಸರು ಬೇಡ. ಕಟ್ಟಡ ಐವತ್ತರ ದಶಕದ್ದು, ಇದೇ ಮನೋಧರ್ಮದ್ದು. ಕೋಣೆಗಳ ಒಂದು ಪಕ್ಕಕ್ಕೆ ಉದ್ದಕ್ಕೂ ತೆರೆದ ವರಾಂಡ. ಅದಕ್ಕೆ ಸಿಮೆಂಟಿನ ಜಾಲಿ, ಜಾಲಿಯ ಬುಡದಲ್ಲಿ ಕಲ್ಲುಹಾಸಿನ ಬೆಂಚು. ಪಿಂಚಣಿಯ ವಿಚಾರಕ್ಕೆ ಬರುವ ಮುದುಕರು, ವಿಧವೆಯರು ಆ ಬೆಂಚಿನ ಮೇಲೆ ಕುಳಿತು ತಮ್ಮ ಸರದಿ ಕಾಯುತ್ತಿದ್ದರು. ನಮಗೆ ಹೊಸ ಅಧಿಕಾರಿಗಳಿಗೆ ಕೋಣೆಗಳು ಬೇಕಾಗಿದ್ದವು. ವರಾಂಡವನ್ನು ಅಲ್ಯೂಮಿನಿಯಂ ಮತ್ತು ಗಾಜಿನಿಂದ ಮುಚ್ಚಿ ಕ್ಯಾಬಿನ್ ಮಾಡುವುದು, ಫಾಲ್ಸ್ ಸೀಲಿಂಗ್ ಹಾಕುವುದು, ಸಜ್ಜಾಗಳ ಮೇಲೆ ಏರ್ ಕಂಡೀಷನರುಗಳನ್ನು ಕೂರಿಸುವುದು ಎಂಬ ಪ್ರಸ್ತಾವ ಬಂತು. ಉಪಯೋಗವಿಲ್ಲದ ಜಾಗದ ಸದ್ಬಳಕೆ ಎಂದು ಟಿಪ್ಪಣಿ ಬರೆದು ಮಂಜೂರಾತಿಗೆ ಸಲ್ಲಿಸಿದವನು ನಾನೇ. ಹಾಗೆ ಬರೆದದ್ದಕ್ಕೆ ಮೇಲಿನವರಿಂದ ಶಹಭಾಸ್‌ಗಿರಿಯೂ ಸಿಕ್ಕಿತು.

ಕೆಲಸ ಮುಗಿಯಿತು. ಮರುದಿನದಿಂದ ಒಳಗಿನ ಕೋಣೆಗಳಲ್ಲಿ ನಡುಮಧ್ಯಾಹ್ನವೂ ದೀಪ ಹಾಕಬೇಕಾಯಿತು. ವಿದ್ಯುತ್ತು ಹೋದರೆ ಉಸಿರು ಕಟ್ಟುವಂತಾಗುತ್ತಿತ್ತು. ಇವೆಲ್ಲ ನಮ್ಮ ಕಷ್ಟಗಳು, ಅನುಭವಿಸಿದೆವು. ಆದರೆ ಜೂನ್ ತಿಂಗಳ ಒಂದು ದಿನ ಗೇಟಿನ ಬಳಿ ಕಾರಿನಿಂದ ಇಳಿದಾಗ ಕಂಡೆ: ಆ ಮುದುಕರೆಲ್ಲ ಹೊರಗೆ ಗೋಡೆಯ ಒಂದಡಿ ನೆರಳಿಗೆ ಬೆನ್ನು ಹಚ್ಚಿ ಸಾಲಾಗಿ ನಿಂತಿದ್ದಾರೆ. ಕೂರಲು ಒಳಗೆ ಎಡೆಯಿಲ್ಲ. ಅವರಲ್ಲೊಬ್ಬ ಹೆಂಗಸು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಲದ ಮೇಲೆ ಕುಳಿತುಬಿಟ್ಟಿದ್ದರು. ನನ್ನ ತಾಯಿಯ ವಯಸ್ಸು.

ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾಗಿದ್ದ ಒಬ್ಬ ನಕ್ಷೆಗಾರರು ತಮ್ಮ ಪಿಂಚಣಿಯ ಕೆಲಸಕ್ಕಾಗಿ ಆ ದಿನಗಳಲ್ಲಿ ನಮ್ಮಲ್ಲಿಗೆ ಬರುತ್ತಿದ್ದರು. ಕ್ಯಾಬಿನ್ನುಗಳನ್ನು ನೋಡಿ ಅವರು ಕೋಪಿಸಿಕೊಳ್ಳಲಿಲ್ಲ. "ಸಾಹೇಬರೆ, ಇದನ್ನು ಜಾಗವೆಂದು ಎಣಿಸಬಾರದಿತ್ತು, ಇದು ಈ ಕಟ್ಟಡದ ಮೂಗು" ಎಂದರು ಹಿಂದಿಯಲ್ಲಿ. ವರಾಂಡ ಯಾವ ದಿಕ್ಕಿಗಿದೆ, ಏಕೆ ಅಷ್ಟು ಅಗಲವಿದೆ, ಬೆಂಚು ಏಕೆ ಅಲ್ಲಿದೆ ಎಂದು ಒಂದು ಚೀಟಿಯ ಹಿಂದೆ ಬರೆದು ತೋರಿಸಿದರು. ತಮ್ಮ ಕಾಲದಲ್ಲಿ ಇಂಥವನ್ನೆಲ್ಲ ರಹಮಾನ್ ಸಾಹೇಬರು ಒಂದೊಂದಾಗಿ ವಿಚಾರಿಸುತ್ತಿದ್ದರೆಂದು ನೆನೆದರು. ಆ ಹೆಸರನ್ನು ನಾನು ಮೊದಲು ಕೇಳಿದ್ದು ಅಂದು. ನೀಲಿ ನಕ್ಷೆಯ ಕಾಲದ ಆ ಮನುಷ್ಯ ಹತ್ತು ನಿಮಿಷದಲ್ಲಿ ಹೇಳಿಕೊಟ್ಟದ್ದು ಹದಿನೈದು ವರ್ಷ ಆ ನೆರಳಿನಲ್ಲೇ ಓಡಾಡಿದ ಸ್ನಾತಕೋತ್ತರ ಪದವೀಧರನಿಗೆ ಹೊಳೆದಿರಲಿಲ್ಲ.

ಅಂದಿನಿಂದ ನಾನು ಈ ಕಟ್ಟಡಗಳನ್ನು ಹುಡುಕಿಕೊಂಡು ಹೋಗಿ ನೋಡತೊಡಗಿದೆ. ನೋಡುತ್ತಿದ್ದಂತೆಯೇ ಅವು ಕಡಿಮೆಯಾಗತೊಡಗಿದವು ಎಂಬುದು ದುಃಖದ ಸಂಗತಿ. ಇಂದ್ರಪ್ರಸ್ಥ ಎಸ್ಟೇಟಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ರಹಮಾನರು 1962ರಲ್ಲಿ ಕಟ್ಟಿದ್ದ ಭವನ ಕಳೆದ ದಶಕದ ಕೊನೆಯ ವೇಳೆಗೆ ಹೊಸ ಕಟ್ಟಡಕ್ಕೆ ಎಡೆ ಮಾಡಿಕೊಟ್ಟಿತು. ರಹಮಾನರದಲ್ಲದಿದ್ದರೂ ಅದೇ ಪರಂಪರೆಯ ಇನ್ನೊಂದು ಕೃತಿ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್. ರಾಜ್ ರೇವಾಲರ ವಿನ್ಯಾಸ, ಇಂಜಿನಿಯರ್ ಮಹೇಂದ್ರ ರಾಜ್. ಉಕ್ಕು ದುರ್ಲಭವಾಗಿದ್ದ ಕಾರಣ ಅಷ್ಟು ದೊಡ್ಡ ಜಾಲಚಾವಣಿಯನ್ನು ಕೂಲಿಕಾರರ ಕೈಯಿಂದಲೇ ಕಾಂಕ್ರೀಟಿನಲ್ಲಿ ಎರಕ ಹೊಯ್ದು 1972ರಲ್ಲಿ ನಿಲ್ಲಿಸಿದರು. ದೇಶವಿದೇಶದ ವಾಸ್ತುಶಿಲ್ಪಿಗಳು ಬೇಡಿಕೊಂಡರೂ 2017ರ ಏಪ್ರಿಲ್‌ನಲ್ಲಿ ಅದನ್ನು ರಾತ್ರೋರಾತ್ರಿ ಕೆಡವಲಾಯಿತು. ದೆಹಲಿಯ ಆಧುನಿಕ ಕಟ್ಟಡಗಳಲ್ಲಿ 62ನ್ನು ರಕ್ಷಿಸಬೇಕೆಂದು ಇಂಟ್ಯಾಕ್ ಸಂಸ್ಥೆ 2013ರಲ್ಲಿಯೇ ಪಟ್ಟಿ ಕೊಟ್ಟಿತ್ತು. ಆದರೆ ಅರವತ್ತು ವರ್ಷ ತುಂಬದ ಕಟ್ಟಡಕ್ಕೆ ಪಾರಂಪರಿಕ ಎನ್ನಿಸಿಕೊಳ್ಳುವ ಅರ್ಹತೆಯಿಲ್ಲವೆಂಬ ಮಾನದಂಡ ಅಡ್ಡ ಬಂತು. ಸರ್ಕಾರಿ ನೌಕರನಿಗೆ ಅರವತ್ತಕ್ಕೆ ನಿವೃತ್ತಿ. ಕಟ್ಟಡಕ್ಕೆ ಅರವತ್ತು ತುಂಬಿದ ಮೇಲಷ್ಟೇ ಬದುಕುವ ಹಕ್ಕು!

ನಾವು ಬಾಳಿದ ಕಾಲೋನಿಗಳ ವಿಷಯ ನಿಮಗೇ ಗೊತ್ತು. ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಮುಂತಾದ ಏಳು ಸರ್ಕಾರಿ ವಸತಿಗಳ ಪುನರ್ನಿರ್ಮಾಣಕ್ಕೆ 2016ರಲ್ಲಿ ಒಪ್ಪಿಗೆ ದೊರೆಯಿತು. 2018ರಲ್ಲಿ ಮರಗಳ ಕಡಿತಕ್ಕೆ ಜನ ಬೀದಿಗಿಳಿದು ಪ್ರತಿಭಟಿಸಿದರು, ಉಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಮರಗಳಿಗಾಗಿ ಅತ್ತವರಿದ್ದರು. ಆ ಎರಡು ಮಹಡಿಯ ಮನೆಗಳಿಗಾಗಿ ಅತ್ತವರು ಕಡಿಮೆ. ನನ್ನ ತಾಯಿ ಊರಿನ ತೊಟ್ಟಿಮನೆಯಿಂದ ಮೊದಲ ಸಲ ನಮ್ಮ ಕ್ವಾರ್ಟರ್ಸಿಗೆ ಬಂದಾಗ ಎರಡೇ ದಿನದಲ್ಲಿ ಎಲ್ಲವನ್ನೂ ಪತ್ತೆ ಹಚ್ಚಿದ್ದರು. ಹಿಂದಿನ ಅಂಗಳದಲ್ಲಿ ಸಂಡಿಗೆ, ಮುಂದಿನ ಜಗಲಿಯಲ್ಲಿ ನೆರೆಯ ಪಂಜಾಬಿ ಮುದುಕಿಯೊಡನೆ ಕೈಸನ್ನೆಯ ಹರಟೆ. ಭಾಷೆ ಬರದ ಹೆಂಗಸೊಬ್ಬಳಿಗೆ ಪರವೂರಿನಲ್ಲಿ ಮಾತಿನ ಜೊತೆ ಒದಗಿಸಿದ್ದು ಆ ನಾಲ್ಕಡಿ ಜಗಲಿ. ಮನೆಗಳ ಸಂಖ್ಯೆ ಹೆಚ್ಚಬೇಕೆಂಬುದು ನ್ಯಾಯವೇ. ಮನೆಗಾಗಿ ವರ್ಷಗಟ್ಟಲೆ ಕಾದ ಗುಮಾಸ್ತನ ಎದುರು ನಿಂತು ಹಳೆಯದೆಲ್ಲವೂ ಉಳಿಯಲಿ ಎನ್ನಲು ನನಗೆ ಬಾಯಿಲ್ಲ. ಹೊಸ ಗೋಪುರಗಳಲ್ಲಿ ಆ ಜಗಲಿಗೆ ಎಲ್ಲಿ ಎಡೆ ಎಂದು ಕೇಳುವಷ್ಟು ಹಕ್ಕು ಮಾತ್ರ ನಮಗಿದೆ ಎಂದುಕೊಂಡಿದ್ದೇನೆ.

ಹಾಗಾದರೆ ಏನು ಮಾಡಬಹುದು? ದೊಡ್ಡ ಮಾತು ಬೇಡ. ನನ್ನ ವೃತ್ತಿಗೆ ತಕ್ಕ ಸಣ್ಣ ಸಲಹೆಗಳನ್ನು ಕೊಡುತ್ತೇನೆ. ಮೊದಲನೆಯದು, ಪ್ರತಿಯೊಂದು ಸರ್ಕಾರಿ ಕಟ್ಟಡದ ಬಾಗಿಲಲ್ಲಿ ಉದ್ಘಾಟಿಸಿದ ಮಂತ್ರಿಗಳ ಹೆಸರಿನ ಕಲ್ಲಿರುತ್ತದೆ. ಅದರ ಪಕ್ಕದಲ್ಲಿ ರಚಿಸಿದವರ ಹೆಸರೂ ಇರಲಿ. ಎರಡನೆಯದು, ರವೀಂದ್ರ ಭವನಕ್ಕೆ 2021ಕ್ಕೆ ಅರವತ್ತು ತುಂಬಿತು. ವಯಸ್ಸಿನ ನೆಪ ಅದಕ್ಕಿನ್ನು ಅಡ್ಡ ಬರುವುದಿಲ್ಲ. ಮೂರು ಅಕಾಡೆಮಿಗಳ ಗೌರವವನ್ನು ಕಾಯುವಷ್ಟೇ ಕಾಳಜಿಯಿಂದ ಅವು ಕುಳಿತ ಮನೆಯನ್ನೂ ಕಾಯಬೇಕೆಂದು ಸಾಹಿತ್ಯಾಭಿಮಾನಿಗಳಾದ ನಾವು ಒತ್ತಾಯಿಸಬೇಕು. ನಾಲ್ಕು ಜನ ಅಧ್ಯಕ್ಷರನ್ನು ಕೊಟ್ಟ ಭಾಷೆಯವರ ಮಾತಿಗೆ ಅಲ್ಲಿ ಬೆಲೆ ಇರಲೇಬೇಕು. ಮೂರನೆಯದು ನನ್ನಂಥ ಅಧಿಕಾರಿಗಳಿಗೆ. ದುರಸ್ತಿ ಮತ್ತು ನವೀಕರಣದ ಕಡತ ನಿಮ್ಮ ಮೇಜಿಗೆ ಬಂದಾಗ, ಸಹಿ ಹಾಕುವ ಮುನ್ನ ಎದ್ದು ಹೋಗಿ ಆ ಜಾಗವನ್ನು ಒಮ್ಮೆ ನೋಡಿ. ಅಲ್ಲಿ ಯಾರು ಕೂರುತ್ತಾರೆ ಎಂದು ಕೇಳಿ. ಕಟ್ಟಡಗಳನ್ನು ಕೆಡಹುವ ಯಂತ್ರಗಳು ಬರುವುದು ಕೊನೆಗೆ. ಅದಕ್ಕಿಂತ ಬಹಳ ಮೊದಲೇ ನಮ್ಮ ಟಿಪ್ಪಣಿಗಳು ಅವನ್ನು ಒಳಗಿನಿಂದ ಕೆಡವಿರುತ್ತವೆ.

ಹಬೀಬ್ ರಹಮಾನರು 1995ರಲ್ಲಿ ದೆಹಲಿಯಲ್ಲಿಯೇ ತೀರಿಕೊಂಡರು. ಪದ್ಮಶ್ರೀ, ಪದ್ಮಭೂಷಣಗಳು ಅವರಿಗೆ ಸಂದಿದ್ದವು. ಅವರ ಮಗ, ಛಾಯಾಚಿತ್ರಗ್ರಾಹಕ ರಾಮ್ ರಹಮಾನ್ ತಂದೆಯ ಕೃತಿಗಳನ್ನು ದಾಖಲಿಸುವ ಕೆಲಸವನ್ನು ಮಾಡಿಕೊಂಡು ಬಂದಿದ್ದಾರೆ. ನಾನು ದೆಹಲಿಗೆ ಬಂದ ಎರಡು ವರ್ಷ ಅವರೂ ಇದೇ ಊರಿನಲ್ಲಿದ್ದರೆಂಬುದು ಈಗ ಯೋಚಿಸಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಹೋಗಿ ಕಾಣಬಹುದಿತ್ತು. ಯಾರೆಂದು ಗೊತ್ತಿದ್ದರೆ ತಾನೆ?

ನಾನು ಮುಚ್ಚಿಸಿದ ಆ ವರಾಂಡದ ಮಾತು ಇನ್ನೂ ಉಳಿದಿದೆ. ಬೇರೆಡೆಗೆ ವರ್ಗವಾಗುವ ಮುನ್ನ ಒಂದು ತುದಿಯ ಎರಡು ಕ್ಯಾಬಿನ್ನುಗಳನ್ನು ತೆಗೆಸಿ, ಹದಿನೈದು ಅಡಿಯಷ್ಟು ಜಾಲಿಯನ್ನೂ ಬೆಂಚನ್ನೂ ಮತ್ತೆ ತೆರವು ಮಾಡಿಸಲು ನನಗೆ ಸಾಧ್ಯವಾಯಿತು. ಅದಕ್ಕೆ ಬರೆಯಬೇಕಾದ ಟಿಪ್ಪಣಿ ಮೊದಲಿನದಕ್ಕಿಂತ ಮೂರು ಪಟ್ಟು ಉದ್ದವಾಗಿತ್ತು, ಮಂಜೂರಾತಿಗೆ ಹನ್ನೊಂದು ತಿಂಗಳು ಹಿಡಿಯಿತು. ಉಳಿದ ವರಾಂಡ ಹಾಗೆಯೇ ಇದೆ.